ಕಪಾಟಿನೊಳಗಿನ ಓದುಗ

ವಿದ್ಯಾರ್ಥಿನಿ: ಎರಡು ಗಂಟೆಗೆ ಪರೀಕ್ಷೆ ಸಾರ್! ಪ್ರಶ್ನೆಪತ್ರಿಕೆ ಓದಿ ಹೇಳೋ ಟ್ಯಾಬ್ ಇಲ್ಲದೆ ಕೂತರೆ ನನ್ನ ವರ್ಷವೇ ಹೋಗುತ್ತೆ.

ಗುಮಾಸ್ತ (ಆಕೆಯ ಸೋದರಮಾವನ ಕಡೆ ತಿರುಗಿ): ಏನಂತೆ ಇವಳಿಗೆ?

ಮಾವ: ಅವಳೇ ಹೇಳಿದಳಲ್ಲ ಸ್ವಾಮಿ.

ಗುಮಾಸ್ತ (ಆಕೆಯ ಕಿವಿಯ ಬಳಿ ಕೂಗಿ): ಅರ್ಜಿ ಬೇಕಮ್ಮಾ! ಅರ್ಜಿ!

ವಿದ್ಯಾರ್ಥಿನಿ: ಕಾಣದಿರೋದು ಕಣ್ಣು ಸಾರ್. ಕಿವಿ ಚೆನ್ನಾಗೇ ಇದೆ. ನೀವು ಇನ್ನೊಂದು ಸಲ ಹೀಗೆ ಕೂಗದಿದ್ದರೆ ಮುಂದೆಯೂ ಇರುತ್ತೆ.

ದೃಷ್ಟಿಯಿಲ್ಲದ ವಿದ್ಯಾರ್ಥಿಗಳಿಗೆಂದೇ ಕಾಲೇಜಿಗೆ ಬಂದಿದ್ದ ಆ ಟ್ಯಾಬು, ಕಚೇರಿಯ ಕಬ್ಬಿಣದ ಕಪಾಟಿನೊಳಗೆ ಪ್ಲಾಸ್ಟಿಕ್ ಹೊದಿಕೆಯನ್ನೂ ಕಳಚದೆ ಮೂರು ಸಂವತ್ಸರಗಳಿಂದ ತಪೋನಿರತವಾಗಿತ್ತು. ಬೀಗದ ಕೈಯು ಗುಮಾಸ್ತರ ಸೊಂಟದಲ್ಲಿ ವಿರಾಜಿಸುತ್ತಿತ್ತು.

ಮಾವ: ಅರ್ಜಿ ಕೊಡಿ, ನಾನು ತುಂಬ್ತೀನಿ.

ಗುಮಾಸ್ತ: ಆಗಲ್ಲ. "ಅರ್ಜಿದಾರರು ಸ್ವತಃ ಓದಿ ಸಹಿ ಮಾಡತಕ್ಕದ್ದು." ನಿಯಮ!

ವಿದ್ಯಾರ್ಥಿನಿ: ಓದೋಕೆ ಟ್ಯಾಬ್ ಬೇಕಲ್ಲ.

ಗುಮಾಸ್ತ: ಕೊಡ್ತೀನಿ. ಮೊದಲು ಅರ್ಜಿ ಓದು.

ಮಾವ: ಅಂದರೆ, ಬಾವಿಗೆ ಇಳಿಯೋ ಹಗ್ಗ ಬಾವಿಯ ತಳದಲ್ಲಿದೆ ಅಂತೀರಿ.

ಗುಮಾಸ್ತ: ಭದ್ರವಾಗಿದೆಯಲ್ಲ ಸ್ವಾಮಿ, ಅದು ಮುಖ್ಯ! ಪ್ಲಾಸ್ಟಿಕ್ಕಿಗೆ ತೂತು ಕೊರೆದು ಸೋಮವಾರಕ್ಕೊಮ್ಮೆ ಚಾರ್ಜು ಮಾಡಿ, ಧೂಳು ಒರೆಸಿ, ಮತ್ತೆ ಮಲಗಿಸ್ತೀನಿ. ಒಂದು ಗೀರಿಲ್ಲ ಅಂತ ತಪಾಸಣೆಗೆ ಬಂದವರೆಲ್ಲ ಬೆನ್ನು ತಟ್ಟಿದ್ದಾರೆ. ಮಕ್ಕಳ ಕೈಗೆ ಕೊಟ್ಟರೆ ಉಳಿಯುತ್ತಾ?

ವಿದ್ಯಾರ್ಥಿನಿ: ಆ ನಿಯಮ ಪೂರ್ತಿ ಓದಿ ಸಾರ್, ಕೇಳೋಣ.

ಗುಮಾಸ್ತರು ಜೇಬು ತಡವಿದರು, ಮೇಜಿನ ಸೆಳೆಖಾನೆ ತಡಕಿದರು, ಹಣೆಯ ಮೇಲೂ ಕೈಯಾಡಿಸಿ ನೋಡಿದರು. ಬಳಿಕ ನಿಯಮದ ಹಾಳೆಯನ್ನು ಮೂಗಿನವರೆಗೆ ತಂದು, ತೋಳಿನುದ್ದಕ್ಕೂ ಒಯ್ದು, ನಿಟ್ಟುಸಿರುಬಿಟ್ಟರು.

ಗುಮಾಸ್ತ: ಕನ್ನಡಕ ಮನೇಲಿ ಉಳೀತು. ಬಿಡು, ನನಗೆ ಬಾಯಿಪಾಠ ಇದೆ.

ಮಾವ: ಇತ್ತ ಕೊಡಿ, ನಾನು ಓದ್ತೀನಿ.

ಗುಮಾಸ್ತ: ಕಚೇರಿ ಕಾಗದವನ್ನ ಹೊರಗಿನವರು ಮುಟ್ಟೋ ಹಾಗಿಲ್ಲ!

ವಿದ್ಯಾರ್ಥಿನಿ: ಟ್ಯಾಬ್ ಹೊರಗಿನದಲ್ಲವಲ್ಲ ಸಾರ್, ಕಚೇರಿಯದ್ದೇ. ನಿಮ್ಮ ಮಾತೇ ಸರಿ ಅಂತ ಅದೇ ಓದಿ ಹೇಳಲಿ.

ತಮ್ಮ ಗೆಲುವನ್ನು ತಮ್ಮ ಕಿವಿಯಿಂದಲೇ ಕೇಳುವ ಆಸೆಗೆ ಗುಮಾಸ್ತರು ಸೋತರು. ಕಪಾಟು ಕಿರುಗುಟ್ಟಿ ತೆರೆಯಿತು, ಪ್ಲಾಸ್ಟಿಕ್ಕು ಹರಿಯಿತು. ವಿದ್ಯಾರ್ಥಿನಿಯು ಬೆರಳಾಡಿಸಿ ಟ್ಯಾಬನ್ನು ಎಚ್ಚರಿಸಿ, ಹಾಳೆಯ ಮೇಲೆ ಹಿಡಿದಳು.

ಟ್ಯಾಬ್: "ಅರ್ಜಿದಾರರು ಸ್ವತಃ ಓದಿ ಸಹಿ ಮಾಡತಕ್ಕದ್ದು. ದೃಷ್ಟಿಯಿಲ್ಲದವರಿಗೆ ಗುಮಾಸ್ತರೇ ಅರ್ಜಿಯನ್ನು ಓದಿ, ತಾವೇ ತುಂಬಿ, ಉಪಕರಣವನ್ನು ತತ್‌ಕ್ಷಣ ಒಪ್ಪಿಸತಕ್ಕದ್ದು."

ಮಾವ: ಆಹಾ, ಎಂಥ ಸ್ಪಷ್ಟ ಉಚ್ಚಾರಣೆ!

ಗುಮಾಸ್ತ: ಅದಕ್ಕೇ ಬಡಕೊಂಡೆ, ಹೊರಗೆ ತೆಗೆದರೆ ಕೆಟ್ಟುಹೋಗುತ್ತೆ ಅಂತ!

ವಿದ್ಯಾರ್ಥಿನಿ: ಅರ್ಜಿ ತುಂಬಿ ಸಾರ್, ಹೊತ್ತಾಯ್ತು.

ಗುಮಾಸ್ತರು ಲೇಖನಿಯನ್ನು ಹಿಡಿದು ಅರ್ಜಿಯ ಮೇಲೆ ಬಾಗಿದರು. ಲೇಖನಿ ಗಾಳಿಯಲ್ಲೇ ನಿಂತಿತು.

ಗುಮಾಸ್ತ (ಮೊದಲ ಬಾರಿಗೆ ಮೆಲ್ಲಗೆ): ಎಲ್ಲಿ ಏನು ಕೇಳಿದ್ದಾರೋ ಕಾಣ್ತಾ ಇಲ್ಲವಲ್ಲಮ್ಮ... ಆ ಟ್ಯಾಬು ಒಂದು ನಿಮಿಷ ಈ ಕಡೆ ಹಿಡೀತೀಯಾ?

ವಿದ್ಯಾರ್ಥಿನಿ (ಟ್ಯಾಬನ್ನು ಎದೆಗವಚಿಕೊಂಡು): ಧಾರಾಳವಾಗಿ ಸಾರ್. ಮೊದಲು ಒಂದು ಅರ್ಜಿ ಕೊಡಿ. ಸ್ವತಃ ಓದಿ, ಸಹಿ ಮಾಡಿ.