ಚಪ್ಪಡಿ ಬಂದಿಲ್ಲವೆಂದು ಬರೆದ ಅಪರಾಧದ ಕುರಿತು

ಜಾಲಮಾತು ನಿಗಾ ವಿಭಾಗದ ಇನ್ಸ್‌ಪೆಕ್ಟರ್ ಸಾಹೇಬರಿಗೆ,
ಮೈಸೂರು
26 ನವೆಂಬರ್ 2009

ಮಾನ್ಯರೇ,

ತಮಗೂ, ತಮ್ಮ ಸಿಬ್ಬಂದಿಗೂ, ತಮ್ಮ ಕಚೇರಿಯ ಎರಡು ಕಂಪ್ಯೂಟರುಗಳಿಗೂ, ಅವುಗಳಲ್ಲಿ ಕೆಟ್ಟು ಕೂತಿರುವ ಒಂದಕ್ಕೆ ವಿಶೇಷವಾಗಿ, ಆಯುರಾರೋಗ್ಯ ಕೋರುತ್ತೇನೆ. ಇಂಥ ಮಾತುಗಳನ್ನು ನೆಟ್ಟಿನಲ್ಲಿ ಬರೆಯಬಾರದೆಂದು ತಾವು ಬುದ್ಧಿ ಹೇಳಿರುವುದರಿಂದ ಈ ಪತ್ರವನ್ನು ಕಾಗದದ ಮೇಲೆ ಬರೆದು, ಅಂಚೆಚೀಟಿ ಅಂಟಿಸಿ, ತಮಗೊಂದು ಪ್ರತಿ, ಪತ್ರಿಕೆಗೊಂದು ಪ್ರತಿ ಕಳಿಸುತ್ತಿದ್ದೇನೆ. ಈ ವಿಧೇಯತೆಯನ್ನು ನನ್ನ ಕಡತದಲ್ಲಿ ದಾಖಲಿಸಿಕೊಳ್ಳಬೇಕೆಂದು ಪ್ರಾರ್ಥನೆ.

ನಾನು ಸೂಸೈರಾಜ್, ಅಗರಬತ್ತಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಿಂದ ನಿವೃತ್ತನಾದವನು. ಓದಿದ್ದು ಎಸ್ಸೆಸ್ಸೆಲ್ಸಿ. ನಲವತ್ತು ವರ್ಷದಿಂದ ದಿನಚರಿ ಬರೆಯುತ್ತೇನೆ. ನಲ್ಲಿಯಲ್ಲಿ ನೀರು ಬಂದ ಹೊತ್ತು, ಮಧ್ಯಾಹ್ನದ ಪಲ್ಯ, ಅದಕ್ಕೆ ಉಪ್ಪು ಕಡಿಮೆಯಾಯಿತೆಂದು ನಾನು ಅಂದದ್ದು, ಅದಕ್ಕೆ ನನ್ನ ಹೆಂಡತಿ ಕ್ಯಾಥರೀನ್ ತಿರುಗಿಸಿ ಅಂದದ್ದು, ಇಷ್ಟೇ ಅದರ ವಿಷಯ. ತಮ್ಮನ ಮಗಳು ಏಂಜೆಲ್ ಕಾಲೇಜು ಮುಗಿಸಿ ಬಂದು, ಸಂಜೆ ಹೊತ್ತು ಅದನ್ನು ಟೈಪು ಮಾಡಿ ಬ್ಲಾಗಿಗೆ ಹಾಕುತ್ತಿದ್ದಳು. ಓದುಗರು ಒಟ್ಟು ಐದು ಜನ. ಇಬ್ಬರು ಅವಳ ಸ್ನೇಹಿತೆಯರು, ಒಬ್ಬರು ಕೋಲಾರದಲ್ಲಿರುವ ನನ್ನ ಷಡ್ಡಕ. ಮಿಕ್ಕ ಇಬ್ಬರೂ ನಾನೇ. ದಿನಕ್ಕೆ ಎರಡು ಸಲ ತೆಗೆದು ನೋಡುತ್ತಿದ್ದೆ.

ಈ ತಿಂಗಳ ಎರಡರಂದು, ಸಕಲ ಮೃತರ ಸ್ಮರಣೆಯ ದಿನ, ಸಮಾಧಿಗೆ ಹೂವಿಟ್ಟು ಮನೆಗೆ ಬಂದು, ನಾನು ಮೂರು ವಾಕ್ಯ ಬರೆದೆ. ‘ಕಂಟ್ರಾಕ್ಟರ್ ಗೋವಿಂದರಾಜು ನಮ್ಮ ಬೀದಿಯ ಚರಂಡಿಯ ಚಪ್ಪಡಿ ತೆಗೆಸಿದ್ದು ಜೂನ್‌ನಲ್ಲಿ. ಬೆಳಗಿನ ಆರರ ಬಲಿಪೂಜೆಗೆಂದು ಚರ್ಚಿಗೆ ಹೊರಟ ಕ್ಯಾಥರೀನ್ ಅದರೊಳಗೆ ಬಿದ್ದದ್ದು ಆಗಸ್ಟ್‌ನಲ್ಲಿ. ಚಪ್ಪಡಿ ಇನ್ನೂ ಬಂದಿಲ್ಲ.’ ಬಿದ್ದ ಹತ್ತೊಂಬತ್ತನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳೆಂದು ನಾಲ್ಕನೆಯ ವಾಕ್ಯವೂ ಇರಬೇಕಿತ್ತು. ಅದನ್ನು ಬರೆಯಲು ಆಗಲಿಲ್ಲ. ನನ್ನ ಅಪರಾಧ ಅಷ್ಟರ ಮಟ್ಟಿಗೆ ಅಪೂರ್ಣ, ಕ್ಷಮೆಯಿರಲಿ.

ಹತ್ತೇ ದಿನಗಳಲ್ಲಿ ತಮ್ಮ ನೋಟೀಸು ಬಂತು. ಜೂನ್‌ನಿಂದ ಚಪ್ಪಡಿಗಾಗಿ ಬರೆದ ಏಳು ಅರ್ಜಿಗೆ ಯಾರೂ ಒಂದು ಸಾಲಿನ ಉತ್ತರ ಕೊಡದ ಈ ಊರಿನಲ್ಲಿ ಇಂಥ ವೇಗವನ್ನು ಕಂಡು ನನ್ನ ಕಣ್ಣು ತುಂಬಿತು. ಇಲ್ಲದ ಗುಂಡಿಯನ್ನು ಇದೆಯೆಂದು ಬರೆದು ಗೌರವಾನ್ವಿತ ಗೋವಿಂದರಾಜು ಅವರ ಮಾನಕ್ಕೆ ಧಕ್ಕೆ ತಂದು ಸಾರ್ವಜನಿಕ ಶಾಂತಿ ಕದಡಿದ್ದೇನೆಂದು ಅದರಲ್ಲಿತ್ತು. ಜೊತೆಗೆ ಆಕ್ಷೇಪಾರ್ಹ ಬರಹದ ಪ್ರಿಂಟು. ತಮ್ಮ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡದ ಕಾರಣ ಆ ಹಾಳೆಯ ತುಂಬ ಬರೀ ಖಾಲಿ ಚೌಕಗಳು. ಚೌಕಗಳನ್ನು ನೋಡಿಯೇ ಶಾಂತಿ ಕದಡಿರುವುದನ್ನು ಗುರುತಿಸಿದ ತಮ್ಮ ದೃಷ್ಟಿಗೆ ನಾನು ಮಾತ್ರವಲ್ಲ, ಊರಿನ ಕಣ್ಣಿನ ಡಾಕ್ಟರುಗಳೂ ತಲೆಬಾಗಬೇಕು.

ಕಚೇರಿಗೆ ಬಂದಾಗ ತಾವು ಬಿಳಿ ಹಾಳೆ ಕೊಟ್ಟು, ಚೌಕಗಳಲ್ಲಿ ಏನಿದೆಯೆಂದು ನನ್ನ ಕೈಯಲ್ಲೇ ಬರೆದುಕೊಡಲು ಹೇಳಿದಿರಿ. ಬರೆದೆ. ಕಡತಕ್ಕೆ ಮೂರು ಪ್ರತಿ ಬೇಕೆಂದಿರಿ, ಮೂರು ಸಲ ಬರೆದೆ. ಇಬ್ಬರು ಸಾಕ್ಷಿಗಳ ಎದುರು ಓದಿ ಹೇಳಬೇಕೆಂಬ ಕ್ರಮವಿದೆಯೆಂದು ಎದುರಿನ ಟೀ ಅಂಗಡಿಯ ಮಂಟಯ್ಯನವರನ್ನೂ ಜೆರಾಕ್ಸ್ ಅಂಗಡಿಯ ಚನ್ನಬಸವಯ್ಯನವರನ್ನೂ ಕರೆಸಿದಿರಿ. ಹೆಡ್ ಕಾನ್‌ಸ್ಟೇಬಲ್ ಜವರಪ್ಪನವರು ಗಟ್ಟಿಯಾಗಿ ಓದಿದರು. ಪಾಸ್‌ಪೋರ್ಟ್ ವಿಚಾರಣೆಗೆ ಬಂದು ಬೆಂಚಿನಲ್ಲಿ ಕೂತಿದ್ದ ಒಂಬತ್ತು ಜನ ಕೇಳಿದರು. ನಾನು ಬರೆಯದ ನಾಲ್ಕನೆಯ ವಾಕ್ಯವನ್ನು ನನ್ನ ಮುಖದಲ್ಲೇ ಓದಿಕೊಂಡ ಮಂಟಯ್ಯನವರು “ಅಯ್ಯೋ, ಆ ಯಮ್ಮ ಓಗ್ಬುಟ್ರಾ?” ಎಂದು ಲೋಟ ಕೆಳಗಿಟ್ಟರು. ಜವರಪ್ಪನವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ “ಇದ್ರಲ್ಲಿ ಬೈಗುಳ ಎಲ್ಲೈತೆ ಸಾ?” ಎಂದು ತಮ್ಮನ್ನು ಕೇಳಿದರು. ತಾವು ನನ್ನ ಕಡೆ ತಿರುಗಿ “ನಿಜ ಆದ್ರೇನ್ರೀ, ನೆಟ್ಟಲ್ಲಿ ಯಾಕ್ರೀ ಹಾಕ್ತೀರ? ಮನೇಲಿ ಬರ್ಕೊಂಡು ಸುಮ್ನಿರೋಕಾಗಲ್ವಾ?” ಎಂದಿರಿ.

ಸ್ವಾಮಿ, ಐದು ಜನ ಓದುತ್ತಿದ್ದ ಬರಹಕ್ಕೆ ಒಂದೇ ಮಧ್ಯಾಹ್ನ ಒಂದು ಸಭೆಯನ್ನೇ ಸೇರಿಸಿ, ಸರ್ಕಾರಿ ಮೊಹರು ಒತ್ತಿಸಿ, ಕಂಚಿನ ಕಂಠದಲ್ಲಿ ಓದಿಸಿದ ಪ್ರಕಾಶಕರು ಮೈಸೂರಿನಲ್ಲಿ ತಮ್ಮನ್ನು ಬಿಟ್ಟರೆ ಯಾರಿದ್ದಾರೆ? 1987ರ ದಿನಚರಿಯಲ್ಲಿ ಸೀಮೆಎಣ್ಣೆ ಅಂಗಡಿಯವನ ಮೇಲೆ ಎರಡು ಒಳ್ಳೆಯ ಪುಟಗಳಿವೆ. ಅವುಗಳನ್ನೂ ತಮ್ಮ ವಿಭಾಗ ದಯವಿಟ್ಟು ಆಕ್ಷೇಪಿಸಬೇಕು. ಹೀಗೆಯೇ ಮಾಸಕ್ಕೊಂದು ನೋಟೀಸು ಕರುಣಿಸಿದರೆ ನನ್ನ ಸಮಗ್ರ ಕೃತಿಗಳು ತಮ್ಮ ಕಪಾಟಿನಲ್ಲೇ ಪೂರ್ಣಗೊಳ್ಳುತ್ತವೆ.

ಈಗ ತಾವು ಕೊಟ್ಟ ಮುಚ್ಚಳಿಕೆಯ ವಿಷಯ. ಮೂರೂ ವಾಕ್ಯ ಸುಳ್ಳೆಂದು ಒಪ್ಪಿ ಸಹಿ ಹಾಕಿ, ಸೋಮವಾರದೊಳಗೆ ಬ್ಲಾಗಿನಿಂದ ಅಳಿಸದಿದ್ದರೆ ಕೇಸು, ಏಂಜೆಲ್ ಮೇಲೂ ಕೇಸು ಎಂದಿದ್ದೀರಿ. ಅವಳು ಹೆದರಿದ್ದಾಳೆ. ಹೆದರಿಕೊಂಡೇ “ದೊಡ್ಡಪ್ಪ, ಅಳಿಸಲ್ಲ ಕಣೋ” ಅಂದಳು. ನನಗೆ ಅವಳು ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು, ಇದನ್ನೂ ದಿನಚರಿಯಲ್ಲಿ ಬರೆದಿದ್ದೇನೆ. ಟೈಪು ಮಾಡಿದ್ದಷ್ಟೇ ಅವಳು, ಬರೆದವನು ನಾನು. ಕೇಸು ಒಂದೇ ಸಾಕು, ಅದು ನನ್ನ ಹೆಸರಿನಲ್ಲಿರಲಿ.

ಸಹಿ ಹಾಕಲು ಮೂರು ರಾತ್ರಿ ಪ್ರಯತ್ನಪಟ್ಟೆ. ಮೊದಲನೆಯ ವಾಕ್ಯದಲ್ಲಿ ರಾಜಿಯಾಗಬಲ್ಲೆ. ಜೂನ್ ಎಂಬುದರಿಂದ ಗೋವಿಂದರಾಜು ಅವರಿಗೆ ನೋವಾದರೆ ಜುಲೈ ಎಂದು ತಿದ್ದಲು ಸಿದ್ಧ. ಮೂರನೆಯದನ್ನು ಸುಳ್ಳು ಮಾಡುವುದು ಪೂರ್ತಿ ಅವರ ಕೈಯಲ್ಲೇ ಇದೆ. ನಾಲ್ಕಡಿ ಉದ್ದದ ಒಂದು ಚಪ್ಪಡಿ ತಂದು ಮುಚ್ಚಿಸಿದ ಕ್ಷಣ ನಾನು ಓಡಿಬಂದು, ಚಪ್ಪಡಿ ಬಂದಿಲ್ಲವೆಂಬುದು ಸುಳ್ಳು ಎಂದು ಸಂತೋಷದಿಂದ ಸಹಿ ಮಾಡುತ್ತೇನೆ. ಉಳಿದದ್ದು ನಡುವಿನ ವಾಕ್ಯ. ಅದನ್ನು ಸುಳ್ಳು ಮಾಡುವ ಯಾವುದಾದರೂ ಏರ್ಪಾಡು ತಮ್ಮ ಇಲಾಖೆಯಲ್ಲಿದ್ದರೆ ದಯವಿಟ್ಟು ತಡಮಾಡಬೇಡಿ, ಯಾವ ಕಾಗದಕ್ಕೆ ಬೇಕಾದರೂ ಸಹಿ ಹಾಕುತ್ತೇನೆ, ಓದಿಯೂ ನೋಡುವುದಿಲ್ಲ. ಇಲ್ಲವಾದರೆ ಮುಚ್ಚಳಿಕೆಯನ್ನು ಸಹಿಯಿಲ್ಲದೆ ಇದರೊಂದಿಗೆ ಹಿಂದಿರುಗಿಸಿದ್ದೇನೆ, ಒಪ್ಪಿಸಿಕೊಳ್ಳಬೇಕು. ಬ್ಲಾಗು ಇದ್ದ ಹಾಗೇ ಇದೆ.

ಮುಂದಿನ ನೋಟೀಸಿನವರೆಗೂ, ಅದರ ನಂತರವೂ
ತಮ್ಮ ವಿಶ್ವಾಸಿ,
ಸೂಸೈರಾಜ್

ಮರೆತ ಮಾತು: ಸೋಮವಾರ ಹಾಜರಾಗದಿದ್ದರೆ ಜೀಪು ಕಳಿಸುವುದಾಗಿ ಹೇಳಿದ್ದೀರಿ. ಅವಶ್ಯ ಕಳಿಸಿ. ನಮ್ಮ ಮನೆಯ ಮುಂದೆ, ನನ್ನ ಬರಹದ ಪ್ರಕಾರ, ಗುಂಡಿಯಿದೆ. ತಮ್ಮ ನೋಟೀಸಿನ ಪ್ರಕಾರ ಇಲ್ಲ. ಎರಡನ್ನೂ ತಮ್ಮ ಚಾಲಕರ ಕೈಗೆ ಕೊಟ್ಟುಬಿಡಿ. ಯಾವುದನ್ನು ನಂಬಿ ಜೀಪು ನಿಲ್ಲಿಸಬೇಕೆಂಬುದನ್ನು ಅವರೇ ತೀರ್ಮಾನಿಸಲಿ.