ರಕ್ತದ ಜಿಪುಣಿ

ನನ್ನ ಚಿಕ್ಕಮ್ಮನಂಥ ಜಿಪುಣಿ ಇಡೀ ಬಂಟ್ವಾಳದಲ್ಲಿ ಇನ್ನೊಬ್ಬರಿಲ್ಲ. ಊಟ, ಸೀರೆ, ಬೈಗುಳ ಎಲ್ಲದರಲ್ಲೂ ಧಾರಾಳಿ. ಜಿಪುಣತನವೆಲ್ಲ ರಕ್ತದಲ್ಲಿ, ಅದೂ ಬೇರೆಯವರ ರಕ್ತದಲ್ಲಿ! ಹೊಟ್ಟೆಗೆ ಮೂರು ನಾಲ್ಕು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಟಿ.ವಿ. ನೋಡುತ್ತ ಗರ್ಭಕೋಶ ತೆಗೆಯುವ ಡಾಕ್ಟರು ಅವರು.

ಒಮ್ಮೆ ನನ್ನ ತೋಳಿನ ಮೇಲೆ ಕೂತ ಸೊಳ್ಳೆಯನ್ನು ಹೊಡೆದೆ. ಕೆಂಪು ಕಲೆಯಾಯಿತು. ಚಿಕ್ಕಮ್ಮ ಕನ್ನಡಕದ ಮೇಲಿನಿಂದ ನೋಡಿದರು.

"ಕುಡಿದ ಮೇಲೆ ಹೊಡೆದು ಎಂತ ಪ್ರಯೋಜನ ಮಾರಾಯ? ಬರುವ ದಾರಿಯಲ್ಲೇ ತಡೆಯಬೇಕು."

ದಾರಿ ತಡೆಯುವುದೇ ಅವರ ಇಡೀ ವೇದಾಂತ. ಮನೆಯ ನಲ್ಲಿ ರಿಪೇರಿಗೆ ಪುಂಜಾಲಕಟ್ಟೆಯಿಂದ ಬಂದ ಪ್ಲಂಬರ್ ನೇರ ಪೈಪಿಗೇ ಬ್ಲೇಡು ಹಾಕಿದ.

"ಮೊದಲು ಗೇಟ್ ವಾಲ್ವ್ ಮುಚ್ಚು, ಮತ್ತೆ ಪೈಪಿಗೆ ಕೈ ಹಾಕು" ಎಂದರು ಚಿಕ್ಕಮ್ಮ.

"ಸ್ವಲ್ಪ ನೀರು ಹೋದರೆ ಎಂತ ಡಾಕ್ಟ್ರಮ್ಮ, ಒರೆಸಿದರೆ ಆಯ್ತು."

"ಒರೆಸುವವರು ಬೇಕಾದಷ್ಟು ಇದ್ದಾರೆ. ಮುಚ್ಚುವವರೇ ಇಲ್ಲದ್ದು."

ಮೆಲ್ಕಾರಿನ ಜವಳಿ ಅಂಗಡಿಯ ಕಾಕ, ಹೆಂಡತಿಯ ಆಪರೇಷನ್ನಿನಲ್ಲಿ ಹೋದ ರಕ್ತ ಎಷ್ಟೆಂದು ಕೇಳಿ ಗಾಬರಿಯಾದರಂತೆ. "ಇಷ್ಟೇಯಾ? ಆಪರೇಷನ್ ಪೂರ್ತಿ ಆಗಿದೆಯಾ ಡಾಕ್ಟ್ರೇ?"

"ಆಗಿದೆ ಕಾಕ. ಬಾಕಿ ರಕ್ತ ನಿಮ್ಮ ಹೆಂಡತಿಯ ಒಳಗೇ ಉಂಟು."

ಈ ಮಾತನ್ನು ಅವರದೇ ದನಿಯಲ್ಲಿ ಹೇಳಿ ಮೂಡುಬಿದಿರೆಯ ಮದುವೆಗಳಲ್ಲಿ ನಾನು ಎಷ್ಟು ಚಪ್ಪಾಳೆ ಗಿಟ್ಟಿಸಿಲ್ಲ! ನನ್ನ ಅಮ್ಮನ, ಅಂದರೆ ಅವರ ಅಕ್ಕನ ಸರದಿ ಬಂದಾಗ ಮಾತ್ರ ನನ್ನ ಈ ಆಟ ನಿಂತಿತು. ಗರ್ಭಕೋಶದಲ್ಲಿ ತೆಂಗಿನಕಾಯಿ ಗಾತ್ರದ ಗಡ್ಡೆ. ತಿಂಗಳುಗಟ್ಟಲೆ ರಕ್ತ ಹೋಗಿ ಅಮ್ಮ ಸುಣ್ಣದಂತಾಗಿದ್ದಳು. ಅವಳದು ಸುಲಭಕ್ಕೆ ಸಿಗದ ನೆಗೆಟಿವ್ ಗುಂಪು. ಬೆಳ್ತಂಗಡಿವರೆಗೆ ಹುಡುಕಿ ಸಿಕ್ಕಿದ್ದು ಒಂದೇ ಬಾಟ್ಲಿ. ನನ್ನ ಗುಂಪು ಹೊಂದದು. ಹೊಂದಿದ್ದರೂ ಸೂಜಿ ಕಂಡೊಡನೆ ನಾನೇ ಒಂದು ಮಂಚ ಹಿಡಿಯುತ್ತಿದ್ದೆ.

"ಬೇರೆ ಡಾಕ್ಟ್ರು ಮಾಡಲಿ ಅಕ್ಕ" ಎಂದರು ಚಿಕ್ಕಮ್ಮ.

"ನೀನು ಮಾಡುವುದಾದರೆ ಮಾತ್ರ ಮಲಗುತ್ತೇನೆ."

"ಒಂದೇ ಬಾಟ್ಲಿ ಸಾಕಾ ಚಿಕ್ಕಮ್ಮ?" ಎಂದೆ.

"ಅದನ್ನೂ ಫ್ರಿಡ್ಜಿನಲ್ಲೇ ಇಡುವ." ಈ ಸಲ ಅವರು ತಮಾಷೆ ಮಾಡುತ್ತಿರಲಿಲ್ಲ.

ಥಿಯೇಟರಿನ ಹೊರಗೆ ಮನೆಯವರಿಗೆಂದು ಇಟ್ಟ ಟಿ.ವಿ.ಯಲ್ಲಿ ಎಲ್ಲ ನೋಡಿದೆ. ಗರ್ಭಕೋಶಕ್ಕೆ ಅವರು ಮೊದಲು ಕತ್ತರಿ ತಾಗಿಸಲೇ ಇಲ್ಲ. ಬದಿಯ ಪೊರೆ ಬಿಡಿಸಿ, ಮೂತ್ರನಾಳವನ್ನು ಮೆಲ್ಲಗೆ ಸರಿಸಿ, ಬುಡದಲ್ಲಿ ಮಿಡಿಯುತ್ತಿದ್ದ ರಕ್ತನಾಳವನ್ನು ಹುಡುಕಿ ದಾರ ಸುತ್ತಿ ಗಂಟು ಬಿಗಿದರು. ಆ ಬದಿಗೊಂದು, ಈ ಬದಿಗೊಂದು. ಗೇಟ್ ವಾಲ್ವ್ ಮುಚ್ಚಿತ್ತು. ನೋಡನೋಡುತ್ತ ಕೆಂಪು ಗರ್ಭಕೋಶ ಬೆಳ್ಳಗಾಗುತ್ತ ಬಂತು. ನಾನು ಒಂಬತ್ತು ತಿಂಗಳು ಪುಕ್ಕಟೆ ವಾಸವಿದ್ದ ಮನೆ ಅದು. ಏಕೋ ಕೂತಿರಲಾಗಲಿಲ್ಲ, ಎದ್ದು ನಿಂತೆ. ಆಮೇಲೆ ಕತ್ತರಿಸಬೇಕಾದಲ್ಲೆಲ್ಲ ಮೊದಲು ಬಿಸಿ ತಾಗಿಸಿ ರಕ್ತದ ದಾರಿ ಮುಚ್ಚಿದರು, ಅನಂತರವೇ ಕತ್ತರಿ. ಒಟ್ಟು ಹೋದ ರಕ್ತ ಒಂದು ಸಣ್ಣ ಲೋಟದಷ್ಟು. ಬಾಟ್ಲಿ ಫ್ರಿಡ್ಜಿನಲ್ಲೇ ಉಳಿಯಿತು.

ಅಮ್ಮ ಕಣ್ಣು ತೆರೆದಾಗ ಚಿಕ್ಕಮ್ಮ ಅವಳ ನಾಡಿ ಹಿಡಿದು ನಿಂತಿದ್ದರು.

"ಎಂತ ತಂಗಿ, ಕೈ ಇಷ್ಟು ತಣ್ಣಗೆ ಉಂಟು?"

"ಎ.ಸಿ. ಅಕ್ಕ."

ಅಮ್ಮ ಆ ಕೈಯನ್ನು ತನ್ನ ಹೊದಿಕೆಯೊಳಗೆ ಎಳೆದುಕೊಂಡು ಮತ್ತೆ ಕಣ್ಣು ಮುಚ್ಚಿದಳು. ನರ್ಸ್ ಬಂದು ಮುಂದಿನ ರೋಗಿ ಕಾಯುತ್ತಿದ್ದಾರೆಂದರು. ಚಿಕ್ಕಮ್ಮ ತಲೆಯಾಡಿಸಿದರು, ಕೈ ಮಾತ್ರ ತೆಗೆಯಲಿಲ್ಲ.