ಕೋಟು ಕಂಡ ತಾಜ್ ಮಹಲ್

೧೯೫೯ರ ಡಿಸೆಂಬರ್ ಕೊನೆಯ ವಾರ, ಬೆಳಗ್ಗೆ ಎಂಟು ಗಂಟೆಗೆ, ನಾನು ಆಗ್ರಾದಲ್ಲಿ ತಾಜ್ ಮಹಲಿನ ಮುಂದೆ ಎರಡು ಅಂಗಿ, ಒಂದು ಬನಿಯನ್ ಹಾಕಿಕೊಂಡು ನಿಂತಿದ್ದೆ. ತಾಜ್ ಮಹಲ್ ಕಾಣಲಿಲ್ಲ. ಎದುರಿಗೆ ಇದ್ದದ್ದು ಮಂಜು. ಅದರ ಹಿಂದೆ ತಾಜ್ ಮಹಲ್ ಇದೆ ಎಂದು ಅಲ್ಲಿನ ಫೋಟೋಗ್ರಾಫರ್ ಹೇಳಿದ. ಸ್ಥಳೀಯರು ಹೇಳಿದ್ದನ್ನು ನಂಬುವ ಅಭ್ಯಾಸ ನನಗೆ ಆಗಲೇ ಇತ್ತು. ಮುಂದೆ ಪತ್ರಿಕೆಯ ಕೆಲಸಕ್ಕೆ ಸೇರಿದಾಗ ಅದು ಬಹಳ ಉಪಯೋಗಕ್ಕೆ ಬಂತು.

ಚಳಿಯ ಊರಿಗೆ ಬೆಚ್ಚನೆಯ ಬಟ್ಟೆ ಬೇಕೆಂಬುದು ಜಯನಗರದ ನಮಗೆ ತಿಳಿಯದ ವಿಷಯವಲ್ಲ. ಆದರೆ ನಮ್ಮದೇ ಚಳಿಯ ಊರು ಎಂಬ ಜಂಬ ನಮಗಿತ್ತು. ಸಂಜೆ ಆರಕ್ಕೆ ಮಫ್ಲರ್ ಸುತ್ತಿಕೊಂಡು, ಏಳಕ್ಕೆ ಕಿಟಕಿ ಹಾಕಿಕೊಂಡು, ಇದಕ್ಕಿಂತ ಹೆಚ್ಚಿನ ಚಳಿಯನ್ನು ದೇವರು ಸೃಷ್ಟಿಸಿರಲಾರ ಎಂದುಕೊಂಡಿದ್ದೆವು. ಹೀಗಾಗಿ ನಮ್ಮ ಇಡೀ ಬೀದಿಯಲ್ಲಿ ನಿಜವಾದ ಓವರ್‌ಕೋಟು ಇದ್ದದ್ದು ಒಬ್ಬರ ಬಳಿ ಮಾತ್ರ. ಅವರು ಎದುರು ಮನೆಯ ನಾಗೇಶರಾಯರು, ಸರ್ವೆ ಕಚೇರಿಯಿಂದ ನಿವೃತ್ತರಾದವರು. ಯುದ್ಧ ಮುಗಿದಾಗ ದಂಡಿನ ಹರಾಜಿನಲ್ಲಿ ಆ ಕೋಟನ್ನು ಕೊಂಡಿದ್ದರಂತೆ. ಒಂದೇ ಒಂದು ಸಲ ಅದನ್ನು ಹಾಕಿಕೊಂಡು ಲಾಲ್‌ಬಾಗಿನವರೆಗೆ ನಡೆದು, ಬೆವರಿನಲ್ಲಿ ತೊಯ್ದು ಹಿಂತಿರುಗಿ, ಅಂದಿನಿಂದ ಅದನ್ನು ಟ್ರಂಕಿನಲ್ಲಿ ನುಸಿಗುಳಿಗೆಗಳ ಜೊತೆ ಇಟ್ಟಿದ್ದರು.

ರಾಯರು ಬೆಂಗಳೂರು ಬಿಟ್ಟು ಎಲ್ಲಿಗೂ ಹೋದವರಲ್ಲ. ಅವರ ಬದಲು ಕೋಟು ಹೋಗುತ್ತಿತ್ತು. ಬೀದಿಯಲ್ಲಿ ಯಾರು ಉತ್ತರದ ಕಡೆ ಹೊರಟರೂ ರಾಯರು ಕೋಟು ಕೊಡುತ್ತಿದ್ದರು. ಬದಲಿಗೆ ಅವರು ಕೇಳುತ್ತಿದ್ದದ್ದು ಒಂದು ಫೋಟೋ. ಅವರ ನಡುಮನೆಯ ಗೋಡೆಯ ಮೇಲೆ ಅಂಥವು ನಾಲ್ಕು ತೂಗುತ್ತಿದ್ದವು. ಕೆಳಗೆ ಅವರ ದುಂಡು ಅಕ್ಷರದಲ್ಲಿ 'ಕೋಟು, ಕೆಂಪುಕೋಟೆ', 'ಕೋಟು, ಹರಿದ್ವಾರ' ಎಂಬ ವಿವರಣೆ. ಜಾಗ ಉಳಿದಿದ್ದರೆ ತೊಟ್ಟವನ ಹೆಸರು.

"ನೋಡಯ್ಯ, ಗುಂಡಿ ಎಲ್ಲಾ ಕಾಣಬೇಕು" ಎಂದರು ನನಗೆ ಕೊಡುವಾಗ. "ಇನ್ನೊಬ್ಬರ ಮೈಗೆ ಹಾಕಬಾರದು. ಫೋಟೋ ತರದೆ ಬಂದೆಯೋ, ನಿಮ್ಮನೆಗೆ ಇದೇ ಕೊನೆ."

ಕೊನೆಯ ಮಾತಿಗೆ ನಮ್ಮ ತಂದೆ ಬೆಚ್ಚಿಬಿದ್ದರು. ಮುಂದಿನ ಮಾಘದಲ್ಲಿ ಅವರು ಕಾಶಿಗೆ ಹೊರಟಿದ್ದರು, ಆ ಕೋಟನ್ನೇ ನಂಬಿಕೊಂಡು. "ತಾಜ್ ಮಹಲ್ ನೋಡು, ಬಿಡು. ಫೋಟೋ ಇಲ್ದೆ ಮಾತ್ರ ಮನೆಗೆ ಬರಬೇಡ" ಎಂದು ಇತಿಹಾಸದ ವಿದ್ಯಾರ್ಥಿಯಾದ ಮಗನನ್ನು ಹರಸಿ ಕಳಿಸಿದರು.

ಜೊತೆಗೆ ಬಂದವನು ನನ್ನ ಸಹಪಾಠಿ, ಚಾಮರಾಜಪೇಟೆಯ ಸುಬ್ಬು. ವಿದ್ಯಾರ್ಥಿಗಳ ರಿಯಾಯಿತಿ ಟಿಕೆಟ್ಟಿನಲ್ಲಿ ಮೂರನೆಯ ದರ್ಜೆಯ ಹಲಗೆಯ ಮೇಲೆ ಕೂತು, ಅವರಮ್ಮ ಕಟ್ಟಿಕೊಟ್ಟ ಪುಳಿಯೋಗರೆಯನ್ನು ಮೂರನೆಯ ದಿನವೂ ಮೂಸಿ ನೋಡಿ ತಿಂದು, ಆಗ್ರಾ ತಲುಪಿ ಒಂದು ಧರ್ಮಶಾಲೆಯಲ್ಲಿ ಇಳಿದೆವು. ಅಲ್ಲಿ ನೆಲ ಉಚಿತವಾಗಿತ್ತು. ಚಳಿಯೂ ಅಷ್ಟೇ. ಸುಬ್ಬು ತಂದಿದ್ದದ್ದು ಅವನ ಅಜ್ಜಿಯ ಶಾಲು ಒಂದೇ. ಮೊದಲ ದಿನವೇ ಅವನ ಹಲ್ಲು ಕಟಕಟಿಸುವುದನ್ನು ಕೇಳಲಾರದೆ ನಾನು ರಾಯರ ನಿಯಮವನ್ನು ಮುರಿದೆ. ಕೋಟು ಒಂದು ಗಂಟೆ ನನಗೆ, ಒಂದು ಗಂಟೆ ಅವನಿಗೆ ಎಂದು ಒಪ್ಪಂದವಾಯಿತು. ಗಡಿಯಾರ ಸುಬ್ಬುವಿನದು. ಅವನ ಗಂಟೆಗಳು ನನ್ನವುಗಳಿಗಿಂತ ಉದ್ದವಾಗಿದ್ದವೆಂದು ನನಗೆ ಇಂದಿಗೂ ಅನುಮಾನ.

ಎರಡನೆಯ ದಿನ ತಾಜ್ ಮಹಲ್. ಹತ್ತು ಗಂಟೆಯ ಹೊತ್ತಿಗೆ ಮಂಜು ಹರಿಯುತ್ತದೆ ಎಂದ ಫೋಟೋಗ್ರಾಫರ್. ನಮ್ಮ ರೈಲು ಹತ್ತಕ್ಕೇ ಇತ್ತು. ಕಟ್ಟಡ ಕಾಣದಿದ್ದರೂ ಗುಂಡಿಗಳು ಕಾಣುತ್ತವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆತ ಕ್ಯಾಮೆರಾ ನಿಲ್ಲಿಸಿ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ. ನಾನು ಸುಬ್ಬುವಿನ ಕಡೆ ಕೈ ಚಾಚಿದೆ.

"ಈಗ ಎಂಟು ಹತ್ತು. ಒಂಬತ್ತರ ತನಕ ನಂದು" ಎಂದ ಸುಬ್ಬು.

"ಒಂದೇ ನಿಮಿಷ ಕಣೋ. ನಮ್ಮಪ್ಪ ಕಾಶಿಗೆ ಹೋಗ್ಬೇಕು!"

"ಈಗ ಇದನ್ನ ಬಿಚ್ಚಿದ್ರೆ ನಿಮ್ಮಪ್ಪನಿಗಿಂತ ಮುಂಚೆ ನಾನೇ ಹೋಗ್ತೀನಿ."

ಕಪ್ಪು ಬಟ್ಟೆಯೊಳಗಿಂದ ಹಿಂದಿಯಲ್ಲಿ ಬೈಗುಳ ಶುರುವಾಯಿತು. ಇತಿಹಾಸದಲ್ಲಿ ದೊಡ್ಡ ನಿರ್ಧಾರಗಳೆಲ್ಲ ಇಂಥ ಹೊತ್ತಿನಲ್ಲೇ ಆಗಿವೆಯೆಂದು ನಮ್ಮ ಮೇಷ್ಟರು ಹೇಳುತ್ತಿದ್ದರು. "ಹಾಗಾದ್ರೆ ಮುಖ ಮುಚ್ಕೊ" ಎಂದೆ. ಸುಬ್ಬು ಅಜ್ಜಿಯ ಶಾಲನ್ನು ತಲೆಗೂ ಮುಖಕ್ಕೂ ಸುತ್ತಿಕೊಂಡು, ಕಣ್ಣೆರಡನ್ನು ಮಾತ್ರ ಹೊರಗಿಟ್ಟು, ಎದೆಯುಬ್ಬಿಸಿ ನಿಂತ. ನಾನು ಪಕ್ಕದಲ್ಲಿ, ಚಿತ್ರದಿಂದ ಆಚೆ ನಡುಗುತ್ತ ನಿಂತೆ.

ಊರಿಗೆ ಬಂದು ಫೋಟೋ ಕೊಟ್ಟಾಗ ರಾಯರು ಅದನ್ನು ಬೆಳಕಿಗೆ ಹಿಡಿದು ಗುಂಡಿಗಳನ್ನು ಎಣಿಸಿದರು. ಎಲ್ಲ ಇದ್ದವು.

"ತಾಜ್ ಮಹಲ್ ಎಲ್ಲಯ್ಯ?"

"ಹಿಂದೆ ಇದೆ ಸಾರ್. ಮಂಜು."

"ಹೋಗ್ಲಿ ಬಿಡು. ಕೋಟು ಸೊಗಸಾಗಿ ಬಂದಿದೆ." ಮತ್ತೊಮ್ಮೆ ಚಿತ್ರ ನೋಡಿ, ನನ್ನನ್ನು ನೋಡಿದರು. ಸುಬ್ಬು ನನಗಿಂತ ಅರ್ಧ ಗೇಣು ಎತ್ತರ. ನಾನು ಮೆಲ್ಲಗೆ ಹಿಮ್ಮಡಿ ಎತ್ತಿದೆ. "ಅಲ್ಲಿ ಒಳ್ಳೆ ಎತ್ತರ ಕಾಣ್ತೀಯ ಕಣಯ್ಯ. ಗೋಧಿ ತಿಂದಿದ್ದಕ್ಕಿರಬೇಕು" ಎಂದರು.

ಫೋಟೋ ಗೋಡೆ ಹತ್ತಿತು. ಜಾಗ ಇದ್ದುದರಿಂದ ನನ್ನ ಹೆಸರೂ ಬಂತು. ತಂದೆ ಕಾಶಿಗೆ ಹೋಗಿ ಬಂದರು; 'ಕೋಟು, ಕಾಶಿ' ನನ್ನ ಪಕ್ಕದಲ್ಲೇ ಇದೆ. ನಾನು ಪತ್ರಿಕೆ ಸೇರಿ, ಕಣ್ಣಾರೆ ಕಂಡದ್ದನ್ನೇ ಬರೆಯಿರಿ ಎಂದು ಹೊಸ ವರದಿಗಾರರಿಗೆ ಬುದ್ಧಿ ಹೇಳುವ ಹಂತಕ್ಕೆ ಏರಿದೆ.

ಈ ವರ್ಷ, ೧೯೬೬ರಲ್ಲಿ, ಸುಬ್ಬುವಿಗೆ ಮದುವೆಯಾಯಿತು. ಡಿಸೆಂಬರಿನಲ್ಲಿ ಹೆಂಡತಿಯೊಡನೆ ಆಗ್ರಾಕ್ಕೆ ಹೊರಟವನು ನನಗೆ ಹೇಳದೆ ನೇರವಾಗಿ ರಾಯರ ಮನೆಗೆ ಹೋಗಿ ಕೋಟು ಕೇಳಿದ. ರಾಯರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗೋಡೆಯ ಕಡೆ ಬೆರಳು ಮಾಡಿದರಂತೆ. "ಹೊರಗಿನವರಿಗೆ ಕೊಡೋದಿಲ್ಲಪ್ಪ. ಈ ಹುಡುಗನ್ನ ನೋಡಿ, ಹೇಗೆ ನಿಂತಿದಾನೆ! ಕೋಟು ಹಾಕೋಕೂ ಒಂದು ಮೈಕಟ್ಟು ಬೇಕು. ನಿಮಗೆ ಒಪ್ಪಲ್ಲ."

ಸುಬ್ಬು ಆ ಹುಡುಗನನ್ನು ಬಹಳ ಹೊತ್ತು ನೋಡಿ, ನಮ್ಮ ಮನೆಗೆ ಬಂದ. ನಿಜ ಹೇಳುತ್ತೇನೆಂದು ಹೆದರಿಸಿದ. ಮರುದಿನ ನಾನೇ ಹೋಗಿ, ಆಗ್ರಾಕ್ಕೆ ಹೊರಟಿದ್ದೇನೆಂದು ಕೋಟು ಕೇಳಿದೆ. "ನಿನಗಾದ್ರೆ ಕಣ್ಣು ಮುಚ್ಕೊಂಡು ಕೊಡ್ತೀನಿ. ಈ ಸಲ ತಾಜ್ ಮಹಲೂ ಬರಲಿ" ಎಂದರು ರಾಯರು.

ಕೋಟು ಸುಬ್ಬುವಿನ ಜೊತೆ ರೈಲು ಹತ್ತಿತು. ಅಂದಿನಿಂದ ನಾನು ಆಗ್ರಾದಲ್ಲಿದ್ದೇನೆ. ಕಚೇರಿಗೆ ಹತ್ತು ದಿನದ ರಜೆ ಹಾಕಿದ್ದೇನೆ. ಸುಬ್ಬುವಿನ ಕಾರ್ಡು ನಿನ್ನೆ ಬಂತು: ಮಂಜಿಲ್ಲ, ತಾಜ್ ಮಹಲ್ ಚೆನ್ನಾಗಿ ಕಾಣುತ್ತಿದೆ, ಫೋಟೋಕ್ಕೆ ಮುಖ ಮುಚ್ಚಿಕೊಂಡೇ ನಿಂತೆ. ರಾಯರು ಎದುರಿನ ಜಗಲಿಯ ಮೇಲೆ ಬೀದಿ ನೋಡುತ್ತ ಕೂತಿದ್ದಾರೆ. ನಾನು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ.